"ತಣ್ಣಗೆ ಉತ್ತರಿಸಿದಳು" ಅಂದರೆ ಕನ್ನಡದಲ್ಲಿ ಮುನಿಸೋ, ಸಮಾಧಾನವೋ?

ಅನುವಾದದ_ಮೇಜು

ಎಲ್ಲರಿಗೂ ನಮಸ್ಕಾರ. ನಾಲ್ಕು ದಿನದಿಂದ ಒಂದು ಪದ ನನ್ನನ್ನು ಬಿಡುತ್ತಿಲ್ಲ. ನಿಮ್ಮ ಸಹಾಯ ಬೇಕು.

ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಕತೆಗಳನ್ನು ಅನುವಾದ ಮಾಡುತ್ತೇನೆ. ಅವತ್ತವತ್ತು ಮಾಡಿದ್ದನ್ನು ರಾತ್ರಿ ನಮ್ಮಜ್ಜಿಗೆ ಓದಿ ಹೇಳುತ್ತೇನೆ. ಅಜ್ಜಿಗೆ 81 ವರ್ಷ, ತುಮಕೂರು ಕಡೆಯವರು. ಕಣ್ಣು ಮಂಜಾಗಿದೆ, ಕಿವಿ ಮಾತ್ರ ಬಹಳ ಚುರುಕು. ಅವರಿಗೆ ಸರಾಗವಾಗಿ ಇಳಿಯದ ವಾಕ್ಯವನ್ನು ನಾನು ಬಿಡುವುದಿಲ್ಲ, ತಿದ್ದುತ್ತೇನೆ.

ಈಗಿನ ಕತೆಯಲ್ಲಿ ತಂಗಿಯೊಬ್ಬಳು ಎಷ್ಟೋ ವರ್ಷದ ಮೇಲೆ ಅಕ್ಕನ ಮನೆಗೆ ಬರುತ್ತಾಳೆ. ಇಬ್ಬರ ನಡುವೆ ಹಳೇ ವೈಮನಸ್ಯ. ತಂಗಿ "ಎರಡು ದಿನ ಇದ್ದು ಹೋಗ್ಲಾ?" ಅಂತ ಕೇಳುತ್ತಾಳೆ. ಅದಕ್ಕೆ ನಾನು "ನಿನ್ನಿಷ್ಟ ಎಂದು ಅಕ್ಕ ತಣ್ಣಗೆ ಉತ್ತರಿಸಿದಳು" ಅಂತ ಬರೆದಿದ್ದೆ.

ಅಜ್ಜಿ ಮೊರದಲ್ಲಿ ಅವರೆಕಾಳು ಇಟ್ಟುಕೊಂಡಿದ್ದರು. ನೆನೆಸಿದ ಕಾಳನ್ನು ಒಂದೊಂದಾಗಿ ಹಿಸುಕಿ ಸಿಪ್ಪೆ ಬಿಡಿಸುತ್ತಿದ್ದರು. ಈ ವಾಕ್ಯ ಕೇಳಿ ಕೈ ನಿಲ್ಲಿಸಿ ಹೇಳಿದರು: "ಪುಣ್ಯಾತ್ಗಿತ್ತಿ. ಅಷ್ಟೆಲ್ಲಾ ಆಗಿದ್ರೂ ಸಿಟ್ಟು ಮಾಡ್ಕೊಳ್ಳಲಿಲ್ಲ ನೋಡು."

ನನಗೆ ಮುಂದೆ ಓದಲು ಆಗಲಿಲ್ಲ. ಮುಂದಿನ ಪುಟದಲ್ಲಿ ತಂಗಿ ಅಳುತ್ತಾ ಬಸ್ ಹತ್ತುತ್ತಾಳೆ. ಅಜ್ಜಿ ಕೇಳಿದ ಹಾಗೆ ಕೇಳಿದರೆ ಅವಳು ಅಳುವುದಕ್ಕೆ ಕಾರಣವೇ ಇಲ್ಲ!

ನನ್ನ ಪ್ರಶ್ನೆ ಇದು. ಇಂಗ್ಲಿಷಿನಲ್ಲಿ ಚಳಿಗೂ ಅಕ್ಕರೆ ಇಲ್ಲದ ನಡವಳಿಕೆಗೂ ಒಂದೇ ಪದ ನಡೆಯುತ್ತದೆ. ಕನ್ನಡದಲ್ಲಿ ಆ ನಂಟು ಇದೆಯಾ? ಇಲ್ಲದಿದ್ದರೆ ಅಂಥ ನಡವಳಿಕೆಗೆ ನಿಮ್ಮ ಮನೆಯಲ್ಲಿ, ಊರಲ್ಲಿ ಏನು ಹೇಳುತ್ತಾರೆ? ನಿಘಂಟಿನ ಪದ ಬೇಡ, ಬಾಯಲ್ಲಿ ಬರುವ ಮಾತು ಬೇಕು.

ನಿವೃತ್ತ_ಮೇಷ್ಟ್ರು

ನಿಮ್ಮ ಅಜ್ಜಿ ಸರಿಯಾಗಿಯೇ ಕೇಳಿಸಿಕೊಂಡಿದ್ದಾರೆ ಕಣಮ್ಮ.

'ತಣ್' ಅನ್ನುವುದು ನಮ್ಮಲ್ಲಿ ಮೊದಲಿನಿಂದ ಒಳ್ಳೆಯ ಕುಲದ ಮಾತು. ತಂಗಾಳಿ, ತಣ್ಣೀರು, ತಂಪು, ತಣ್ಣೆಳಲು. ಚಂದ್ರನಿಗೆ ಹಳಗನ್ನಡದಲ್ಲಿ ತಂಗದಿರ, ಅಂದರೆ ತಣ್ಣನೆಯ ಕಿರಣದವನು. ಎಲ್ಲಕ್ಕಿಂತ ನನಗೆ ಇಷ್ಟವಾದ ಪದ 'ತಣಿ'. ತಣಿಯುವುದು ಅಂದರೆ ಆರಿ ತಂಪಾಗುವುದು, ತೃಪ್ತಿಯಾಗುವುದು, ಎರಡೂ. ಬಾಯಾರಿಕೆ ತಣಿಯಿತು, ಮನಸ್ಸು ತಣಿಯಿತು. ದೇಹಕ್ಕೆ ತಂಪು, ಮನಸ್ಸಿಗೆ ನೆಮ್ಮದಿ ಅನ್ನುವುದನ್ನು ನಮ್ಮ ಹಿರಿಯರು ಬೇರೆ ಬೇರೆ ಅಂತ ಎಣಿಸಲೇ ಇಲ್ಲ.

ಉಂಡು ಎದ್ದವರು ಬಡಿಸಿದವರಿಗೆ "ನಿನ್ ಹೊಟ್ಟೆ ತಣ್ಣಗಿರ್ಲಿ ತಾಯಿ" ಅಂತ ಹರಸುತ್ತಾರೆ. ಕಷ್ಟಕ್ಕೆ ಆದವರನ್ನು "ತಂಪು ಹೊತ್ತಲ್ಲಿ ನೆನೀಬೇಕು" ಅನ್ನುತ್ತಾರೆ. ಚೆನ್ನಾಗಿರುವುದನ್ನು ನೋಡಿದರೆ ಕಣ್ಣು ತಂಪಾಗುತ್ತದೆ.

ಕೆಟ್ಟದ್ದೆಲ್ಲ ಬಿಸಿಯ ಕಡೆಗಿದೆ, ಗಮನಿಸಿ. ಹೊಟ್ಟೆಯುರಿ, ಸುಡುಮಾತು, ಕಿಡಿಕಾರು, ಕೆಂಡಾಮಂಡಲ, ಉರಿದುಬೀಳು, ಬಿಸಿ ಮುಟ್ಟಿಸು. ಹಾಗಾಗಿ ನಿಮ್ಮ ಕತೆಯ ಅಕ್ಕ ಉರಿಯಲಿಲ್ಲ, ತಣ್ಣಗಿದ್ದಳು ಅಂದರೆ ಅಜ್ಜಿಗೆ ಅವಳು ದೊಡ್ಡ ಮನಸ್ಸಿನವಳಾಗಿ ಕಂಡಳು.

ಬಿಜಾಪುರ_ಕಡೆಯವ

ಅಕ್ಕಾ, ನಮ್ಮ ಕಡೆ ಥಂಡಿ ಜಾಸ್ತಿ. ಡಿಸೆಂಬರ್‌ನಲ್ಲಿ ರಾತ್ರಿ ಒಂದಂಕಿಗೆ ಇಳಿಯುವ ವರ್ಷಗಳಿವೆ. ಮೋಡ ಇಲ್ಲ, ಗಿಡ ಕಡಿಮೆ, ಒಣ ಹವಾ. ಹಗಲಿನ ಕಾವನ್ನು ಕಪ್ಪು ನೆಲ ರಾತ್ರಿಯೆಲ್ಲಾ ಬಿಟ್ಟುಕೊಡುತ್ತದೆ. ಬೆಳಗಿನ ಜಾವ ಹೊಲಕ್ಕೆ ಹೋದರೆ ಕಾಲ ಬೆರಳು ಸೆಟೆದುಕೊಳ್ಳುತ್ತವೆ. ಕೌದಿ ಹೊದ್ದುಕೊಂಡೇ ಹೋಗುತ್ತೇವೆ. ನೆಗಡಿಯಾದರೂ "ಥಂಡಿ ಆಗೈತಿ" ಅನ್ನುತ್ತೇವೆ. ಇಷ್ಟು ಥಂಡಿ ಇದ್ದರೂ ಮನುಷ್ಯನ ಗುಣಕ್ಕೆ ಆ ಪದ ಹಚ್ಚಿದ್ದನ್ನು ನಾನು ಕೇಳಿಲ್ಲ.

ನಾವು ಹೇಳುವುದು ಮಾರಿಯ ಮೇಲೆ. ಮಾರಿ ಅಂದರೆ ಮುಖ. "ಮಾರಿ ಉಬ್ಬಿಸ್ಯಾನ", "ಮಾರಿ ತಿರುವ್ಯಾಳ", "ಮಾರಿ ಗಂಟ ಹಾಕ್ಯಾನ". ಇನ್ನೂ ಜೋರಾದರೆ "ಮಾತ ಬಿಟ್ಟಾರ".

ಒಂದು ಕಂಡಿದ್ದು ಹೇಳುತ್ತೇನೆ. ನಮ್ಮ ತಂದೆ ಮತ್ತು ದೊಡ್ಡಪ್ಪ ಬದುವಿನ ಜಗಳದಲ್ಲಿ ಮಾತು ಬಿಟ್ಟವರು. ಎಳ್ಳಮಾಸಿ ಆದಮೇಲೆ ಹೊಲದಲ್ಲಿ ಸೀತನಿ ಸುಡುವ ದಿನ. ನೆಲದಲ್ಲಿ ತಗ್ಗು ತೆಗೆದು ಕುಳ್ಳಿನ ಬೆಂಕಿ ಹಾಕಿ, ಎಳೆ ಜೋಳದ ತೆನೆ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಉದುರಿಸುತ್ತಾರೆ. ಕೈ ಸುಡುತ್ತದೆ. ಥಂಡಿ ಎಷ್ಟಿತ್ತು ಅಂದರೆ ಅಣ್ಣತಮ್ಮ ಇಬ್ಬರೂ ಒಂದೇ ಬೆಂಕಿಗೆ ಕೂರಬೇಕಾಯಿತು. ದೊಡ್ಡಪ್ಪ ಒಂದು ಬೊಗಸೆ ಕಾಳು ಊದಿ ಹೊಟ್ಟು ಹಾರಿಸಿದರು. ಗಂಗಾಳಕ್ಕೆ ಹಾಕಿದರು. ನಮ್ಮ ತಂದೆಯ ಕಡೆ ನೋಡದೆಯೇ ಗಂಗಾಳವನ್ನು ಅವರ ಮುಂದೆ ಸರಿಸಿದರು. ತಂದೆಯೂ ನೋಡದೆಯೇ ತಿಂದರು. ಒಂದು ಮಾತಿಲ್ಲ. ಇವತ್ತಿಗೂ ಮಾತಿಲ್ಲ.

ಇದಕ್ಕೆ "ತಣ್ಣನೆಯ ಸಂಬಂಧ" ಅಂತ ಬರೆದರೆ ನಾನು ಒಪ್ಪುವುದಿಲ್ಲ ಅಕ್ಕಾ. ಒಳಗೆ ಕೆಂಡ ಇತ್ತು. ಮೇಲೆ ಬೂದಿ ಮುಚ್ಚಿತ್ತು.

ಕರಾವಳಿ_ಹುಡುಗಿ

ನಮಗೆ ಮಂಗಳೂರಿನಲ್ಲಿ ಚಳಿ ಅಂದರೇನು ಅಂತ ಗೊತ್ತಾಗುವುದೇ ಕಷ್ಟ. ಪಕ್ಕದಲ್ಲಿ ಸಮುದ್ರ ಇದೆ, ಜನವರಿಯಲ್ಲೂ ರಾತ್ರಿ 20 ಡಿಗ್ರಿ ಆಸುಪಾಸು. ಅದಕ್ಕೇ ಸ್ವೆಟರ್ ಹಾಕುವವರಿದ್ದಾರೆ. ಪದ ಮಾತ್ರ ನಿಮ್ಮ ಹಾಗೇ ಮುಖದ್ದು. ನಾವು ಮೋರೆ ಅನ್ನುತ್ತೇವೆ. "ಅವಳು ಮೋರೆ ದಪ್ಪ ಮಾಡಿದ್ದಾಳೆ" ಅಂದರೆ ಸಾಕು, ಇಡೀ ಮನೆ ಎಚ್ಚರವಾಗುತ್ತದೆ.

ವಿನಿಪೆಗ್_ಹುಬ್ಬಳ್ಳಿ

ನಾನು ಹುಬ್ಬಳ್ಳಿಯವನು, 11 ವರ್ಷದಿಂದ ಕೆನಡಾದ ವಿನಿಪೆಗ್‌ನಲ್ಲಿದ್ದೇನೆ. ಜನವರಿ ರಾತ್ರಿ ಮೈನಸ್ 20ಕ್ಕಿಂತ ಕೆಳಗೆ ಹೋಗುವುದು ಇಲ್ಲಿ ಮಾಮೂಲಿ. ಕಾರಿನ ಎಂಜಿನ್ ಬೆಳಗ್ಗೆ ಸ್ಟಾರ್ಟ್ ಆಗಲಿ ಅಂತ ರಾತ್ರಿಯಿಡೀ ಕರೆಂಟ್ ಸಿಕ್ಕಿಸಿ ಬೆಚ್ಚಗೆ ಇಡುತ್ತೇವೆ. ಬಸ್ಸಿಗೆ ಹತ್ತು ನಿಮಿಷ ಕಾದರೆ ಉಸಿರಿನ ಹಬೆ ರೆಪ್ಪೆಗೂದಲ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಕಣ್ಣು ಮಿಟುಕಿಸಿದರೆ ರೆಪ್ಪೆ ಅಂಟಿಕೊಳ್ಳುತ್ತದೆ.

ಇಂಥ ಕಡೆ ಚಳಿ ಜೀವ ತೆಗೆಯುತ್ತದೆ. ಬಾಗಿಲು ತೆರೆದು ಒಳಗೆ ಕರೆದವರು ಉಳಿಸಿದವರು. ಅಂಥ ನೆಲದ ಭಾಷೆಯಲ್ಲಿ ಬೆಚ್ಚಗಿರುವುದು ಅಕ್ಕರೆಯಾಗಿದೆ, ಚಳಿ ಅಕ್ಕರೆ ಇಲ್ಲದಿರುವುದಾಗಿದೆ ಅಂತ ನನಗೆ ಅನ್ನಿಸುತ್ತದೆ. ಫ್ರಾಸ್ಟಿ, ಐಸಿ, ಚಿಲ್ಲಿ, ಎಲ್ಲ ಪದವೂ ಮನುಷ್ಯರ ಮೇಲೆ ಬರುತ್ತವೆ. ನಮ್ಮ ಬಾಯಲ್ಲಿ ಇಬ್ಬನಿ ಬಿಟ್ಟರೆ ಹೆಚ್ಚಿನದೆಲ್ಲ 'ಮಂಜು'. ಬೆಳಗ್ಗೆ ಮುಸುಕುವುದೂ ಮಂಜು, ಹಿಮಾಲಯದಲ್ಲಿ ಬೀಳುವುದೂ ಮಂಜು. ಜಾಸ್ತಿ ಬೇಕಾಗಲಿಲ್ಲ, ಜಾಸ್ತಿ ಮಾಡಿಕೊಳ್ಳಲಿಲ್ಲ.

ಹುಬ್ಬಳ್ಳಿಯಲ್ಲಿ ನಮ್ಮವ್ವ ಏಪ್ರಿಲ್ ಮಧ್ಯಾಹ್ನ ಯಾರೇ ಬರಲಿ "ಬಿಸಲಾಗ ಬಂದೀರಿ, ತಣ್ಣಗ ಕೂಡ್ರಿ" ಅನ್ನುತ್ತಾಳೆ. ಮೊದಲು ಬೆಲ್ಲ, ನೀರು. ಆಮೇಲೆ ಮಾತು. ಬಿಸಿಲ ನಾಡಿನಲ್ಲಿ ಆದರ ಅಂದರೆ ನೆರಳು ಕೊಡುವುದು, ತಣ್ಣೀರು ಕೊಡುವುದು.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಇಲ್ಲಿನ ಜನ ಮಾತು ಕಡಿಮೆ ಅಂತ ನಾನು ಮೊದಲ ವರ್ಷ ಬಹಳ ನೊಂದುಕೊಂಡಿದ್ದೆ. ಒಂದು ಬೆಳಗ್ಗೆ ಕಾರು ಹಿಮದಲ್ಲಿ ಹೂತುಹೋಯಿತು. ಎದುರುಮನೆಯವರು, ಅಲ್ಲಿಯ ತನಕ ತಲೆ ಆಡಿಸಿದ್ದು ಬಿಟ್ಟರೆ ಮಾತಾಡದವರು, ಸಲಿಕೆ ಹಿಡಿದು ಬಂದರು. ಅರ್ಧ ಗಂಟೆ ಹಿಮ ತೆಗೆದರು, ಕಾರು ತಳ್ಳಿದರು. ಹೆಸರೂ ಕೇಳಲಿಲ್ಲ, ಹೋದರು. ಮಾತಿಲ್ಲದವರೆಲ್ಲ ಅಕ್ಕರೆ ಇಲ್ಲದವರು ಅಂತ ನಾನು ಅವತ್ತಿನಿಂದ ಅಂದುಕೊಳ್ಳುವುದಿಲ್ಲ.

ಜಯನಗರ_4ನೇ_ಬ್ಲಾಕ್

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ನನಗೀಗ 26. 'ತಣ್ಣನೆಯ ಪ್ರತಿಕ್ರಿಯೆ' ಅಂತ ಓದಿದರೆ ನನಗೆ ತಕ್ಷಣ ಅರ್ಥವಾಗುತ್ತದೆ. 'ಶೀತಲ ಸಮರ' ಇಂಗ್ಲಿಷಿನಿಂದ ಬಂದದ್ದೇ ಇರಬಹುದು. ಆದರೆ ಈಗ ಒಂದೇ ಪಕ್ಷದ ಇಬ್ಬರು ನಾಯಕರ ಮುಸುಕಿನ ಗುದ್ದಾಟಕ್ಕೂ ಪತ್ರಿಕೆಯವರು ಅದನ್ನೇ ಬರೆಯುತ್ತಾರೆ. ಬೇರೂರಿದ ಪದವನ್ನು ಹೊರಗಿನದು ಅಂತ ಕೀಳಬೇಕಾ?

ಆದರೆ ಮೇಷ್ಟ್ರ ಮಾತಿಗೆ ಒಂದು ಸಾಕ್ಷಿ ನಮ್ಮ ಕಡೆಯಿಂದಲೂ ಇದೆ. 'ಕೂಲ್' ನಮ್ಮ ಬಾಯಿಗೆ ಎಷ್ಟು ಬೇಗ ಹತ್ತಿತು ನೋಡಿ. "ಕೂಲ್ ಆಗಿರು ಮಗಾ" ಅಂದರೆ ಅದು "ತಣ್ಣಗಿರಪ್ಪಾ" ಅನ್ನುವುದೇ ಅಲ್ವಾ? ಆ ಜಾಗ ಮೊದಲೇ ತಯಾರಿತ್ತು. 'ಕೋಲ್ಡ್' ಹಾಗೆ ಹತ್ತಲಿಲ್ಲ. "ಅವನು ತುಂಬಾ ಕೋಲ್ಡ್" ಅನ್ನುವವರು ಇಂಗ್ಲಿಷ್‌ನಲ್ಲೇ ಯೋಚಿಸುವವರು.

ಬೆಂಗಳೂರಿನ ಚಳಿಯ ದಾಖಲೆ 1884ರ ಜನವರಿ 13ರದ್ದು, 7.8 ಡಿಗ್ರಿ. ಇವತ್ತಿಗೂ ಅದನ್ನು ಮೀರಿಲ್ಲ. ಚುಮುಚುಮು ಚಳಿ ಅನ್ನುತ್ತೇವಲ್ಲ, ಆ ಪದದಲ್ಲೇ ಮುದ್ದಿದೆ. ಅಂಥ ಚಳಿಯನ್ನು ಯಾರ ಕೆಟ್ಟ ಗುಣಕ್ಕೆ ಹೋಲಿಸುವುದು?

ಮಲೆನಾಡು_ಬಚ್ಚಲೊಲೆ

ನೀವೆಲ್ಲ ತಂಪು, ಚಳಿ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಿದ್ದೀರಿ. ಅದು ಬೇರೆ, ಇದು ಬೇರೆ.

ತಂಪು ಬೇಕು ಅನ್ನಿಸುವಂಥದ್ದು. ಚಳಿ ಹಿಡಿಯುವಂಥದ್ದು. ಚಳಿ ಹಿಡಿಯುತ್ತದೆ, ಕೂರುತ್ತದೆ, ಬಿಡುತ್ತದೆ, ಥೇಟ್ ಜ್ವರದ ಹಾಗೆ. ಶಿವರಾತ್ರಿಗೆ ಶಿವಶಿವಾ ಅಂತ ಹೊರಟುಹೋಗುತ್ತದೆ. ಮಾಗಿಯಲ್ಲಿ ಬೆಳಗ್ಗೆ ನಮ್ಮಲ್ಲಿ ಕಾವಳ ಕವಿದರೆ ಹತ್ತು ಮಾರು ಆಚೆಯ ಅಡಿಕೆ ಮರ ಕಾಣುವುದಿಲ್ಲ. ಮನೆಯವರೆಲ್ಲ ಬಚ್ಚಲ ಒಲೆಯ ಮುಂದೆ. ಹಸಿ ಸೌದೆ ಸುಂಯ್ ಅನ್ನುತ್ತಾ ಹೊಗೆ ಉಗುಳುತ್ತದೆ, ಹಂಡೆಯ ನೀರು ಗುಯ್‌ಗುಡುತ್ತದೆ. ಅಂಗೈ ಕಾಯಿಸಿ ಕೆನ್ನೆಗೆ ಒತ್ತಿಕೊಂಡರೆ ಆಗುವ ಸುಖ ಬೇರೆ ಯಾವುದರಲ್ಲೂ ಇಲ್ಲ.

ಚಳಿ ಮನುಷ್ಯನ ಸ್ವಭಾವಕ್ಕೂ ಬಂದಿದೆ. ಆದರೆ ಬೇರೆ ದಾರಿಯಲ್ಲಿ. 'ಮೈಚಳಿ ಬಿಟ್ಟು' ಅಂದರೆ ಸಂಕೋಚ ಬಿಟ್ಟು. ಇಲ್ಲಿ ಚಳಿ ಅಂದರೆ ನಾಚಿಕೆ, ಅಳುಕು. 'ಚಳಿ ಬಿಡಿಸು' ಅಂದರೆ ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳುವುದು. ಇನ್ನು 'ಕೊರೆಯುವುದು' ನೋಡಿ. ಕೊರೆಯುವುದು ಚಳಿ, ಇಲ್ಲದಿದ್ದರೆ ಮಾತು ನಿಲ್ಲಿಸದ ಮನುಷ್ಯ! ಮುಖ ಬಿಗಿದುಕೊಂಡು ಸುಮ್ಮನಿರುವವನು ಕೊರೆಯುವುದೇ ಇಲ್ಲ.

'ತಣ್ಣಗೆ' ಅನ್ನುವುದೂ ಯಾವಾಗಲೂ ಒಳ್ಳೆಯದಲ್ಲ. ನಮ್ಮ ಅಪ್ಪ ಹೋದ ದಿನ ಅಮ್ಮ ಪಾದ ಮುಟ್ಟಿ ಹೇಳಿದ್ದು ಒಂದೇ ಮಾತು: "ತಣ್ಣಗಾಗಿದಾರೆ." ಆ ಪದ ನನಗೆ ಆಮೇಲೆ ಮೊದಲಿನ ಹಾಗೆ ಕೇಳಿಸಿಲ್ಲ.

ನಿವೃತ್ತ_ಮೇಷ್ಟ್ರು

ಮಲೆನಾಡಿನವರ ಮಾತು ಒಪ್ಪಿದೆ. ನಾನು ತಂಪಿನ ಪಕ್ಷ ಹಿಡಿದು ಸ್ವಲ್ಪ ಅವಸರ ಮಾಡಿದೆ. 'ತಂಗಳು' ಪದವೂ ಅದೇ ಬೇರಿನದು, ತಣ್ ಮತ್ತು ಕೂಳ್ ಸೇರಿ ಆದದ್ದು. ನೆಂಟರಿಗೆ ತಂಗಳು ಬಡಿಸಿದರೆ ಅದು ಆದರವಲ್ಲ. ಊಟ ಮಾತ್ರ ಬಿಸಿಬಿಸಿಯಾಗೇ ಇರಬೇಕು. ಸರ್ವಜ್ಞನೂ ಸುಖಕ್ಕೆ ಮೊದಲು ಕೇಳಿದ್ದು 'ಬೆಚ್ಚನಾ ಮನೆ'ಯನ್ನೇ. ಹಾಗಾಗಿ ಬೆಚ್ಚಗಿರುವುದು ನಮಗೂ ಸುಖವೇ. ಅದರ ಎದುರಿಗಿರುವುದನ್ನು ಮಾತ್ರ ನಾವು ಮನುಷ್ಯರ ಮೇಲೆ ಹೊರಿಸಲಿಲ್ಲ.

ಚಳಿಗೆ ಹಳಗನ್ನಡದಲ್ಲಿ 'ಕುಳಿರ್' ಅಂತ ಇನ್ನೊಂದು ಪದ ಇತ್ತು. ತಮಿಳು, ಮಲಯಾಳದವರು ಅದನ್ನು ದಿನಾ ಬಳಸುತ್ತಾರೆ. ನಾವು 'ಕುಳಿರ್ಗಾಳಿ' ಅಂತ ಪದ್ಯದಲ್ಲಿ ಉಳಿಸಿಕೊಂಡೆವು, ಬಾಯಲ್ಲಿ ಬಿಟ್ಟೆವು. ನನಗೆ ಅದರ ಬಗ್ಗೆ ನಿಜಕ್ಕೂ ಬೇಜಾರಿದೆ.

ಅಕ್ಕರೆ ಇಲ್ಲದ ನಡವಳಿಕೆಯನ್ನು ಕನ್ನಡ ಎಲ್ಲಿ ಹಿಡಿಯುತ್ತದೆ ಅನ್ನುವುದಕ್ಕೆ 12ನೇ ಶತಮಾನದ ಬಸವಣ್ಣನವರ ವಚನವೇ ಸಾಕ್ಷಿ: "ಏನು ಬಂದಿರಿ, ಹದುಳವಿದ್ದಿರೆ ಎಂದರೆ ನಿಮ್ಮೈಸಿರಿ ಹಾರಿಹೋಹುದೆ? ಕುಳ್ಳಿರೆಂದರೆ ನೆಲ ಕುಳಿಹೋಹುದೆ?" ಬಂದವರನ್ನು ಮಾತಾಡಿಸಲಿಲ್ಲ, ಕೂರಿ ಅನ್ನಲಿಲ್ಲ. ತಪ್ಪು ಅಷ್ಟೇ, ಅದನ್ನೇ ನೇರವಾಗಿ ಹೇಳಿದ್ದಾರೆ. ಅಲ್ಲಿ ಚಳಿಯೂ ಇಲ್ಲ, ಬಿಸಿಯೂ ಇಲ್ಲ. ಇವತ್ತಿಗೂ ನಾವು ದೂರುವುದು ಹಾಗೇ: "ಬಾ ಅನ್ನಲಿಲ್ಲ, ಕೂತ್ಕೋ ಅನ್ನಲಿಲ್ಲ, ಒಂದು ಲೋಟ ನೀರು ಕೊಡಲಿಲ್ಲ."

ಅನುವಾದದ_ಮೇಜು

ಮೇಷ್ಟ್ರೇ, ಆ ವಚನ ಎಷ್ಟು ಸಲ ಓದಿದ್ದೆ, ಈ ಕಡೆಯಿಂದ ಯಾವತ್ತೂ ನೋಡಿರಲಿಲ್ಲ. ಧನ್ಯವಾದ.

ಜಯನಗರದವರೇ, ನಿಮ್ಮ ತಲೆಮಾರಿಗೆ ಅರ್ಥವಾಗುತ್ತದೆ ಅನ್ನುವುದು ನಿಜ. 'ಶೀತಲ ಸಮರ' ನಾನೂ ಬಳಸುತ್ತೇನೆ. ಆದರೆ ಅದು ಪೇಪರಿನ ಪದ. ನನ್ನ ಕತೆ ಅಡುಗೆಮನೆಯಲ್ಲಿ ನಡೆಯುತ್ತಿದೆ. ಅಲ್ಲಿನ ಪದ ಅಜ್ಜಿಗೂ ನಿಮಗೂ ಒಂದೇ ಥರ ತಾಗಬೇಕು.

ಒಂದು ಅನುಮಾನ. 'ತಣ್ಣೀರೆರಚು' ಹಾಗಾದರೆ ಎಲ್ಲಿಂದ ಬಂತು?

ಮಲೆನಾಡು_ಬಚ್ಚಲೊಲೆ

ಅಲ್ಲಿ ಚಳಿ ಇಲ್ಲ ಅಕ್ಕ, ಬೆಂಕಿ ಆರುವುದಿದೆ. ಹುಮ್ಮಸ್ಸು ಉರಿಯುವ ಒಲೆ ಅಂತ ಇಟ್ಟುಕೊಳ್ಳಿ, ಅದರ ಮೇಲೆ ನೀರು. ಬಚ್ಚಲ ಒಲೆಗೆ ನೀರು ಚೆಲ್ಲಿದರೆ ಬುಸ್ಸೆಂದು ಬೂದಿ ಏಳುತ್ತದಲ್ಲ, ಅದೇ.

ಮೂರು_ಮನೆ_ಸೊಸೆ

ನಾನು ಸಾಮಾನ್ಯವಾಗಿ ಓದಿ ಹೋಗುವವಳು. ಇವತ್ತು ಬರೆಯಬೇಕು ಅನ್ನಿಸಿತು. ಮದುವೆಯಾಗಿ ಕೂಡುಕುಟುಂಬಕ್ಕೆ ಬಂದವಳು. ಮುಖ ನೋಡಿ ಹವಾಮಾನ ತಿಳಿದುಕೊಳ್ಳುವುದು ನನಗೆ ಬದುಕೇ ಕಲಿಸಿತು.

ಇವೆಲ್ಲ ಒಂದೇ ಅಲ್ಲ ಅಕ್ಕ. 'ಮುನಿಸು' ಪ್ರೀತಿ ಇದ್ದಲ್ಲಿ ಮಾತ್ರ. ಪರಕೀಯರ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ. ಕರೆಯಲಿ, ಸಮಾಧಾನ ಮಾಡಲಿ ಅಂತ ಕಾಯುವುದು ಮುನಿಸು. 'ಸೆಡವು' ಅದಕ್ಕಿಂತ ಬಿಗಿ. ಕರೆದರೂ ಬರದಿರುವುದು. 'ಬಿಗುಮಾನ' ಅಂದರೆ ಒಳಗೆ ಮಾತಾಡಬೇಕು ಅಂತ ಇದ್ದರೂ ನಾನೇ ಯಾಕೆ ಮೊದಲು ಅನ್ನುವುದು. 'ಅಸಡ್ಡೆ' ಅಂದರೆ ಲೆಕ್ಕಕ್ಕೇ ಇಡದಿರುವುದು. 'ತಾತ್ಸಾರ' ಎಲ್ಲಕ್ಕಿಂತ ಕೆಟ್ಟದ್ದು. ನೋಡಿಯೂ ನೋಡದ ಹಾಗೆ, ಇದ್ದೂ ಇಲ್ಲದ ಹಾಗೆ. ಮನೆ ಪಾಲಾಗುವ ಹೊತ್ತಿಗೆ ಬರುವುದು 'ಎಣ್ಣೆ ಸೀಗೆಕಾಯಿ'. ಒಂದು ಹಚ್ಚಿದ್ದನ್ನು ಇನ್ನೊಂದು ತೊಳೆದು ಹಾಕುತ್ತದೆ.

ಮದುವೆಯಾದ ಹೊಸದರಲ್ಲಿ ಬಂಧುಗಳೊಬ್ಬರ ಮನೆಗೆ ನಾವಿಬ್ಬರೂ ಹೋಗಿದ್ದೆವು. ಮನೆಯಾಕೆ ಬಾಗಿಲು ತೆರೆದರು, ನನ್ನ ಕೈಯಲ್ಲಿದ್ದ ಹಣ್ಣಿನ ಚೀಲ ತೆಗೆದುಕೊಂಡರು. "ಬನ್ನಿ" ಅಂದರು. ಕಾಫಿ ಕೊಟ್ಟರು. ಕಾಫಿ ಬಿಸಿಯಾಗೇ ಇತ್ತು, ತಿಂಡಿಯೂ ಇತ್ತು. ಯಾವುದರಲ್ಲೂ ಲೋಪ ಇಲ್ಲ. ಆದರೆ ಒಂದು ಗಂಟೆಯಲ್ಲಿ ಒಮ್ಮೆಯೂ ನನ್ನ ಮುಖ ನೋಡಲಿಲ್ಲ. ನಾನು ಕೇಳಿದ್ದಕ್ಕೆಲ್ಲ ನನ್ನ ಗಂಡನ ಕಡೆ ತಿರುಗಿ ಉತ್ತರ. ಹೊರಡುವಾಗ ಕುಂಕುಮದ ಬಟ್ಟಲನ್ನು ಮೇಜಿನ ಮೇಲೆ ಇಟ್ಟರು. ನಾನೇ ಇಟ್ಟುಕೊಂಡೆ.

ಆ ಬಟ್ಟಲಿನ ಸದ್ದು ನನಗಿನ್ನೂ ನೆನಪಿದೆ. ಅದಕ್ಕೆ ನಾವು ಹೇಳುವುದು "ಮುಖ ಕೊಟ್ಟು ಮಾತಾಡಲಿಲ್ಲ" ಅಂತ. ನಿಮ್ಮ ಕತೆಯ ಅಕ್ಕನೂ ಮುಖ ಕೊಟ್ಟಿರಲಿಕ್ಕಿಲ್ಲ.

ಬಿಜಾಪುರ_ಕಡೆಯವ

ಅಕ್ಕಾರೇ, ಓದಿ ಸುಮ್ಮನೆ ಕೂತುಬಿಟ್ಟೆ.

ಜಯನಗರ_4ನೇ_ಬ್ಲಾಕ್

ಈಗ ಒಂದು ಹೊಳೆಯಿತು. ಬಂದ್‌ಗೆ ಜನ ಸೇರದಿದ್ದರೆ ಪೇಪರಿನಲ್ಲಿ 'ನೀರಸ ಪ್ರತಿಕ್ರಿಯೆ' ಅಂತ ಬರುತ್ತದೆ. ಸಪ್ಪೆ ಮುಖ, ಒಣ ಮಾತು, ನೀರಸ ಪ್ರತಿಕ್ರಿಯೆ. ರಸ ಇಲ್ಲ, ಉಪ್ಪು ಇಲ್ಲ, ಒಣಗಿದೆ. ಕನ್ನಡದಲ್ಲಿ ಅಕ್ಕರೆ ಇಲ್ಲದಿರುವುದು ಬಹುಶಃ ನಾಲಗೆಗೆ ಗೊತ್ತಾಗುತ್ತದೆ, ಚರ್ಮಕ್ಕಲ್ಲ. 'ತಣ್ಣನೆಯ ಪ್ರತಿಕ್ರಿಯೆ'ಯನ್ನು ಇನ್ನು ಸುಮ್ಮನೆ ಬಳಸುವುದಿಲ್ಲ, ಯೋಚಿಸಿ ಬಳಸುತ್ತೇನೆ.

ಅನುವಾದದ_ಮೇಜು

ತಿದ್ದಿದೆ. ಮೊದಲು "ಒಣ ದನಿಯಲ್ಲಿ" ಅಂತ ಹಾಕಿ ನೋಡಿದೆ. ಗಂಟಲು ಕೆಟ್ಟಿದೆಯೇನೋ ಅನ್ನಿಸಿತು. ಬಿಟ್ಟೆ. ಈಗ ಹೀಗಿದೆ:

"ನಿನ್ನಿಷ್ಟ" ಅಂದಳು ಅಕ್ಕ, ಮುಖ ಕೊಡದೆ. ಒಲೆಯ ಮೇಲಿನ ಹಾಲನ್ನೇ ನೋಡುತ್ತಿದ್ದಳು.

ಹಾಲು ಮೂಲದಲ್ಲೇ ಇತ್ತು, ಎರಡು ಸಾಲು ಆಚೆಗೆ. ಹತ್ತಿರ ತಂದೆ, ಅಷ್ಟೇ.

ನಿನ್ನೆ ರಾತ್ರಿ ಅಜ್ಜಿಗೆ ಮತ್ತೆ ಮೊದಲಿನಿಂದ ಓದಿದೆ. ಆ ಸಾಲು ಬಂದಾಗ ಅಜ್ಜಿ ಏನೂ ಅನ್ನಲಿಲ್ಲ. ನಾನೂ ನಿಲ್ಲಿಸಲಿಲ್ಲ. ತಂಗಿ ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟಳು. ಆಗ ಅಜ್ಜಿ ಶಾಲನ್ನು ಕತ್ತಿನ ಸುತ್ತ ಎಳೆದುಕೊಂಡು ಕೇಳಿದರು:

"ಊಟ ಮಾಡ್ಕೊಂಡು ಹೋಗು ಅಂತಲಾದ್ರೂ ಅಂದ್ಲಾ ಅವಳು?"